ಕ್ಲಾಸಿಗಿ ಹೋಗಲಾರದ ಹುಡುಗಿಯ ಜಾಹೀರಾತು

ಮಹಾರಾಷ್ಟ್ರದ ಗಡ್ಯಾಗಿನ ಉಮರಗಾದಾಗ ಕುಂತು ವೆಬ್‌ಸೈಟ್ ಮಾಡ್ತೀನಿ ಅಂದ್ರ ಮಂದಿ ಮೊದಲ ನನ್ನ ಮಾರಿ ನೋಡ್ತಾರ, ಆಮ್ಯಾಲ ನನ್ನ ಹಿಂದ ಯಾರರ ಗಂಡಸು ನಿಂತಾನೇನು ಅಂತ ನೋಡ್ತಾರ. ಯಾರೂ ನಿಂತಿಲ್ಲರೀ. ನಾನೇ ಮಾಲಕಿ. ಹೈವೇ ದಂಡಿಗಿ ಗೊಬ್ಬರ-ಬೀಜದ ದುಕಾನ ಅದ, ಅದರ ಮ್ಯಾಲ ನಮ್ಮವು ಎರಡು ಖೋಲಿ. ಕೋಡ್ ಬರಿಯಾಂವ ಒಬ್ಬ, ಡಿಸೈನ್ ಮಾಡಾಕಿ ಒಬ್ಬಾಕಿ, ಗಿರಾಕಿ ಸಂಗಾಟ ಜಗಳಾಡ್ಲಕ್ಕ ನಾನು. ಇದು ಪುಣೆದಾಗ ಮಾಡೂ ಧಂದಾ, ಇಲ್ಲಿ ಯಾಕ ಮಾಡ್ತಿ ಅಂತ ಕೇಳ್ದವರಿಗಿ ನಂದು ಒಂದೇ ಜವಾಬು. ನಿಲಂಗಾದಾಗ ತೊಗರಿ ಯಾವಾಗ ರಾಶಿ ಆಗ್ತದ, ಕಾಸಾರಶಿರಸಿ ಸಂತಿ ಯಾ ದಿನ ಕೂಡ್ತದ, ಯಾ ಊರಾಗ ಮಂದಿ ಮನ್ಯಾಗ ಕನ್ನಡ ಮಾತಾಡಿ ಹೊರಗ ಮರಾಠಿ ಬೋರ್ಡ್ ಓದ್ತಾರ, ಇದು ಪುಣೆದವರಿಗಿ ಗೊತ್ತದೇನು? ನನಗ ಗೊತ್ತದ. ಬಂಡವಾಳ ಅಂತ ನನ್ನ ಕಡಿ ಇದ್ದದ್ದೇ ಅದು.

ಸುರುವಾತಿಗಿ ಭಾಳ ಮಂದಿ ಆಡಿಕೊಂಡ್ರು. ನಮ್ಮ ಭಾವನ ಮಗ ಫುಕಟ ಮಾಡಿಕೊಡ್ತಾನ ಅಂತ ಹೇಳಿ ಎದ್ದು ಹೋದವರು ಎಷ್ಟೋ ಮಂದಿ. ಆರು ತಿಂಗಳಿಗಿ ಅವರೇ ತಿರುಗಿ ಬಂದು, ಭಾವನ ಮಗ ಪಾಸ್‌ವರ್ಡ್ ಮರ್ತಾನ್ರಿ ಅಂತ ಕೈ ತಿಕ್ಕೋತ ನಿಂತ್ರು. ನಾ ಅವರಿಗಿ ಚಾ ಕುಡಿಸಿ, ದೀಡಪಟ್ಟು ದರ ಹೇಳಿ, ಕೆಲಸ ಮಾಡಿಕೊಟ್ಟೆ. ನಿಲಂಗಾದ ದವಾಖಾನಿಗಳು, ಉದಗೀರದ ದಾಳ್ ಮಿಲ್ಲುಗಳು, ಮದಿವಿ ಸೀರಿ ದುಕಾನಗಳು, ಒಂದೊಂದಾಗಿ ಬಂದವು.

ಆದ್ರ ಖರೇ ಹೇಳಬೇಕಂದ್ರ ನಮ್ಮ ಕಂಪನಿ ಹೊಟ್ಟಿ ತುಂಬಸ್ತಿದ್ದವು ಕ್ಲಾಸುಗಳು, ಅಂದ್ರ ಟ್ಯೂಷನ್ ಹೇಳೂ ಖಾಸಗಿ ಕ್ಲಾಸುಗಳು. ನಮ್ಮ ಕಡಿ ಮಕ್ಕಳು ಸಾಲಿಗಿ ಹೋಗ್ತಾರ, ಕಲಿಯೂದು ಮಾತ್ರ ಕ್ಲಾಸಿನಾಗ ಅಂತ ತಾಯಿ-ತಂದಿ ನಂಬ್ಯಾರ. ದಹಾವಿ ನಿಕಾಲು, ಅಂದ್ರ ಹತ್ತನೇತ್ತಾ ರಿಸಲ್ಟ್, ಬಂತಂದ್ರ ನಮ್ಮ ಆಫೀಸಿನಾಗ ಊಟಾ ಇಲ್ಲ, ನೀರಿಲ್ಲ. ಹೆಚ್ಚು ಮಾರ್ಕ್ಸ್ ತಗೊಂಡ ಮಕ್ಕಳ ಮುಖ ಹಾಕಿ, ಇವರು ನಮ್ಮ ವಿದ್ಯಾರ್ಥಿಗಳು ಅಂತ ಬರದು, ಮೂರು ತಾಲೂಕಿನ ಮೊಬೈಲಿಗಿ ಬಿಡೂದು. ಕ್ಲಾಸಿನವರದು ಒಂದು ಪದ್ಧತಿ ಇತ್ತು. ಸುತ್ತಮುತ್ತಲ ಊರಿನ ಹುಷಾರ ಮಕ್ಕಳನ್ನೆಲ್ಲ ಕರದು ಸತ್ಕಾರ ಮಾಡೋರು. ತಲಿಗಿ ಫೇಟಾ, ಹೆಗಲಿಗಿ ಶಾಲು, ಕೈಯಾಗ ತೆಂಗಿನಕಾಯಿ ಕೊಟ್ಟು ಫೋಟೋ ತಗೊಳ್ಳೋರು. ಆ ಫೋಟೋ ನನ್ನ ಮೊಬೈಲಿಗಿ ಬರ್ತಿತ್ತು. ಅದರಾಗ ಖರೇನೇ ಅಲ್ಲಿ ಕಲ್ತವರು ಯಾರು, ಶಾಲಿನ ಸಲುವಾಗಿ ಬಂದವರು ಯಾರು, ನಾ ಕೇಳ್ತಿದ್ದಿಲ್ಲ. ಕೇಳೂದು ನನ್ನ ಕೆಲಸ ಅಲ್ಲ ಅಂತಿದ್ದೆ.

ಉದಗೀರದ ಒಂದು ಕ್ಲಾಸು ನಮ್ಮ ಎಲ್ಲಾಕ್ಕಿಂತ ದೊಡ್ಡ ಗಿರಾಕಿ. ನಮ್ಮ ಅರ್ಧಾ ಕೆಲಸ ಅವರದೇ. ಅದರ ಮಾಲಕರಿಗಿ ಎಲ್ಲಾರೂ ಸರ್ ಅಂತಾರ, ನಾನೂ ಸರ್ ಅಂತಿದ್ದೆ. ಆ ವರ್ಷ ಸರ್ ಕಳಿಸಿದ ಫೋಟೋದಾಗ ಒಬ್ಬ ಹುಡುಗಿ ಇದ್ದಳು. ಹಳದಿ ಫೇಟಾ, ಎಣ್ಣಿ ಹಚ್ಚಿ ಬಿಗದ ಎರಡು ಜಡಿ, ನೆಟ್ಟಗ ಕ್ಯಾಮೆರಾ ನೋಡ್ಲಕತ್ತಾಳ, ನಗು ಇಲ್ಲ. ನಗಲಾರದ ಮುಖಾನ ಮಂದಿ ತಡದು ನೋಡ್ತಾರ, ಇದು ನನಗ ಧಂದಾ ಕಲಿಸಿದ ಮಾತು. ಆಕಿನ್ನ ಎಲ್ಲಾರಕಿಂತ ಮ್ಯಾಲ ದೊಡ್ಡದಾಗಿ ಇಟ್ಟೆ. ಕುರಿ ಕಾಯವರ ಮಗಳು, ನಮ್ಮ ಸಾಧನಿ ಅಂತ ಸರ್ ಇಷ್ಟೇ ಬರದು ಕಳಿಸಿದ್ರು. ಉಳದದ್ದು ನಂದು. ಎರಡು ವರ್ಷ ನಮ್ಮ ಹಾಸ್ಟೆಲಿನಾಗ ಇದ್ದು, ಸ್ಪೆಷಲ್ ಬ್ಯಾಚಿನಾಗ ಕಲ್ತು ಗೆದ್ದಾಕಿ ಅಂತ ನನ್ನ ತಲ್ಯಾಗಿಂದ ತಗದು ಬರದೆ. ಯಾಕ ಬರದಿ ಅಂದ್ರ, ಬಾಕಿ ಜಾಹೀರಾತಿನಾಗೆಲ್ಲ ಹಂಗೇ ಇರ್ತಿತ್ತು. ಬರದು ಚಾ ಕುಡುದೆ.

ಜಾಹೀರಾತು ಜೋರ ಓಡ್ತು. ಸರ್ ಖುಷ್ ಆದ್ರು. ಹತ್ತು-ಹನ್ನೊಂದು ದಿನಾ ಆಗಿರಬೇಕು, ಒಂದು ಮುಂಜಾನಿ ಒಬ್ಬ ಹೆಣಮಗಳು ನಮ್ಮ ಮೆಟ್ಟಲಾ ಹತ್ತಿ ಬಂದಳು. ಹಣಿ ತುಂಬ ಭಂಡಾರ, ಅಂದ್ರ ಬೀರಪ್ಪನ ಅರಿಷಿಣ ಪುಡಿ. ಕೈಯಾಗ ಗಾಜು ಸೀಳಿದ ಮೊಬೈಲು. ಹಿಂದ ಆಕಿ ಮಗಳು, ಫೋಟೋದಾಗಿನ ಅದೇ ಹುಡುಗಿ, ಫೇಟಾ ಇಲ್ಲ, ಅಷ್ಟೇ ಫರಕು. ಗುಂಜೋಟಿ ಹಂತ್ಯಾಕಿನ ಒಂದು ಸಣ್ಣ ಊರಿನವರು, ಜಾಹೀರಾತಿನ ಕೆಳಗಿನ ನಮ್ಮ ಕಂಪನಿ ಹೆಸರು ಮಂದಿ ಕಡಿಂದ ಓದಿಸಿ ಹುಡುಕ್ಕೊಂಡು ಬಂದಿದ್ರು. ತಾಯಿ ಕೂಡಲಿಲ್ಲ, ನೀರೂ ಕುಡೀಲಿಲ್ಲ. ಮೊಬೈಲು ನನ್ನ ಟೇಬಲ್ ಮ್ಯಾಲ ಇಟ್ಟು, ಇದನ್ನ ಮಾಡಿದವರು ಯಾರು ಅಂತ ಕೇಳ್ದಳು. ನಾನೇ ಅಂದೆ, ಎದಿ ಉಬ್ಬಿಸೇ ಅಂದೆ. ಶಾಬಾಸಕಿ ಕೊಡ್ಲಕ್ಕ ಬಂದಾಳ ಅಂತ ತಿಳಕೊಂಡಿದ್ದೆ, ಹುಚ್ಚಿ ನಾ.

ಆಕಿ ನಿಂತೇ ಎಲ್ಲಾ ಹೇಳ್ದಳು. ಹುಡುಗಿ ಎರಡು ವರ್ಷ ಕಾಸಾರಶಿರಸಿಯೊಳಗ ಚಿಗವ್ವನ ಮನ್ಯಾಗ ಇದ್ದು ಸರಕಾರಿ ಸಾಲಿಗಿ ಹೋಗ್ಯಾಳ. ಸಾಲಿ ಬಿಟ್ಟಮ್ಯಾಲ ಒಬ್ಬ ಮಾಸ್ತರು ಗಣಿತ ಹೇಳಿಕೊಟ್ಟಾರ, ಒಂದು ರೂಪಾಯಿ ಮುಟ್ಟಲಾರದ. ಉದಗೀರ ಆಕಿ ನೋಡಿದ್ದೇ ಸತ್ಕಾರದ ದಿನ. ಅದೇ ಮಾಸ್ತರು ಕರಕೊಂಡು ಹೋಗಿದ್ರು, ಕ್ಲಾಸಿನವರು ಶಾಲು ಹೊಚ್ಚಿಸಿದ್ರು, ಊಟಾ ಹಾಕಿ ಕಳಿಸಿದ್ರು. ಇಲ್ಲಿತನ ಕೇಳಿ ನಾ ಮನಸಿನಾಗೇ ಅಂದೆ, ಆಯ್ತಲ್ಲ, ಹೆಸರಾದ್ರೂ ಬಂತಲ್ಲ, ಏನ ನುಕ್ಸಾನ ಆಯ್ತು?

ನುಕ್ಸಾನ ಏನು ಅಂತ ಆಮ್ಯಾಲ ಹೇಳ್ದಳು. ಅವರದು ಕುರಿ ಸಾಕೂ ಮನಿತನ. ಹಿಂಡಿನಾಗ ಒಂದಿಷ್ಟು ಕುರಿ ಬೀರಪ್ಪನ ಹೆಸರಿಗಿ ಬಿಟ್ಟವು ಇರ್ತಾವ. ಅವನ್ನ ಮಾರಂಗಿಲ್ಲ, ಯಾರಿಗೂ ಕೊಡಂಗಿಲ್ಲ. ಎರಡು ವರ್ಷದ ಹಿಂದ ಮಳಿಗಾಲದಾಗ ಹಿಂಡು ಜಳಕೋಟ ಕಡಿ ಮೇಯ್ಲಕ್ಕ ಹೋದಾಗ ಬ್ಯಾನಿ ಬಿದ್ದು ದೇವರ ಕುರಿ ನಾಕು ಸತ್ತವು. ಹುಡುಗಿ ತಂದಿ ಅಲ್ಲೇ ಹೂತು ಬಂದು ಅಣ್ಣ-ತಮ್ಮಂದಿರಿಗಿ ಹೇಳಿದ. ಅವರೂ ಹೂಂ ಅಂದಿದ್ರು. ಈಗ ನನ್ನ ಜಾಹೀರಾತು ನೋಡಿ ಅವರ ಹೂಂ ಉಹೂಂ ಆಗಿತ್ತು. ಎರಡು ವರ್ಷ ಉದಗೀರದ ಹಾಸ್ಟೆಲು, ಸ್ಪೆಷಲ್ ಬ್ಯಾಚು, ಅದಕ್ಕ ರೊಕ್ಕ ಎಲ್ಲಿಂದ ಬಂತು? ಕುರಿ ಸತ್ತಿಲ್ಲ, ಮಾರ್ಯಾನ. ದೇವರ ಕುರಿ ಮಾರಿ ಮಗಳಿಗಿ ಕ್ಲಾಸ್ ಹಚ್ಯಾನ, ಚಿಗವ್ವನ ಮನಿ ಅಂತ ನಮಗ ಕಥಿ ಹೇಳ್ಯಾನ.

ಬರೂ ಐತವಾರ ಬೀರಪ್ಪನ ಕಾರ್ಯ ಇತ್ತು. ಅಣ್ಣ-ತಮ್ಮಂದಿರ ಮನಿಯವರೆಲ್ಲ ಒಂದೇ ಪಂಕ್ತಿಗಿ ಕುಂತು ಉಣ್ಣೂ ದಿನ. ಈ ಸಲ ನಿಮ್ಮ ತಾಟು ಇಡಂಗಿಲ್ಲ ಅಂತ ಹುಡುಗಿ ತಂದಿಯ ದೊಡ್ಡಣ್ಣ, ಅಂದ್ರ ಈ ತಾಯಿಯ ಭಾವ, ಹೇಳಿ ಕಳಿಸಿದ್ದ. ತಾಟು ಇಲ್ಲಂದ್ರ ಬರೇ ಒಂದು ಊಟದ ಮಾತಲ್ಲರೀ. ಪಂಕ್ತಿ ಹೊರಗ ಆದಂವನ ಹಿಂಡಿನ ಸಂಗಾಟ ಯಾರೂ ತಮ್ಮ ಹಿಂಡು ಹೊಡಿಯಂಗಿಲ್ಲ. ಒಬ್ಬನೇ ಗಂಡಸು ಅಷ್ಟು ಕುರಿ ಹೊಡಕೊಂಡು ಊರೂರು ತಿರುಗ್ಲಕ್ಕ ಆಗಂಗಿಲ್ಲ. ಹಂಗಾದ್ರ ಹಿಂಡು ಮಾರಬೇಕು, ಇಲ್ಲಾ ಹುಡುಗಿ ಸಾಲಿ ಬಿಟ್ಟು ತಂದಿ ಬೆನ್ನ ಹತ್ತಬೇಕು. ಹುಡುಗಿ ಇದನ್ನೆಲ್ಲ ಕೇಳ್ಕೋತ ನಮ್ಮ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡ್ಲಕತ್ತಿದ್ದಳು.

ನನ್ನ ಎರಡು ಸಾಲು ಎಲ್ಲಿಗಿ ಹೋಗಿ ಮುಟ್ಟ್ಯಾವ ಅಂತ ತಿಳೀತು. ಆದ್ರ ಬಾಯಿ ಸುಮ್ಮ ಇರಬೇಕಲ್ಲ? ಸರ್ ಕೊಟ್ಟ ಫೋಟೋ ನಾ ಹಾಕೀನಿ, ನಂದೇನ ತಪ್ಪದ, ಬೇಕಂದ್ರ ಈಗಿಂದೀಗ ತೆಗೀತೀನಿ ಅಂದೆ. ಆಕಿ ಕಣ್ಣೆದುರಿಗೇ ಒಂದು ಗುಂಡಿ ಒತ್ತಿ ತಗದೇ ಬಿಟ್ಟೆ. ನೋಡ್ರಿ ಹೋಯ್ತು ಅಂತ ಸ್ಕ್ರೀನ್ ತಿರುಗಿಸಿ ತೋರ್ಸಿದೆ. ಆಕಿ ಆ ಖಾಲಿ ಸ್ಕ್ರೀನು ನೋಡಿ, ನನ್ನ ನೋಡಿ, ಮೆಲ್ಲಗ ಹೇಳ್ದಳು.

"ನೀವು ಇದರಾಗಿಂದ ತಗದ್ರಿ ಅಕ್ಕಾರ. ನಮ್ಮ ಭಾವನ ತಲ್ಯಾಗಿಂದ ಯಾರು ತೆಗೀತಾರ? ಎಲ್ಲಿ ಸುಳ್ಳ ಹಾಕೀರಿ, ಅಲ್ಲೇ ಖರೇ ಹಾಕ್ರಿ."

ನಾ ಸರ್‌ಗ ಫೋನ್ ಹಚ್ಚಿದೆ. ಒಂದು ಸಣ್ಣ ತಿದ್ದುಪಡಿ ಹಾಕೋಣ, ಈ ಹುಡುಗಿ ನಮ್ಮ ಕ್ಲಾಸಿನಾಕಿ ಅಲ್ಲ, ಬರೇ ಸತ್ಕಾರ ಮಾಡೀವಿ ಅಂತ ಎರಡು ಸಾಲು ಬರಿಯೋಣ ಅಂದೆ. ಸರ್ ನಕ್ಕರು. ಶಾಲು ನಮ್ಮದು, ಸ್ಟೇಜು ನಮ್ಮದು, ಅಂದಮ್ಯಾಲ ಹುಡುಗಿ ನಮ್ಮಾಕಿ ಅಂದ್ರು. ಇದೇ ಹುಡುಗಿ ಮುಖ ಇನ್ನೊಂದು ಕ್ಲಾಸಿನವರೂ ಹಾಕ್ಯಾರ, ಅವರು ತಿದ್ದುಪಡಿ ಹಾಕ್ತಾರೇನು ಅಂತ ಕೇಳಿದ್ರು. ನಾ ಬಿಡಲಿಲ್ಲ. ಆಗ ಅವರ ದನಿ ಸಣ್ಣದಾಯ್ತು.

"ಮ್ಯಾಡಮ್, ಕುರಿ ಕಾಯೂ ಮಂದಿ ಅವರು. ಒಂದು ಹೊಸಾ ಮೊಬೈಲ್ ಕೊಡಿಸ್ರಿ, ಸುಮ್ಮ ಆಗ್ತಾರ. ನಾ ಕೊಡ್ತೀನಿ ರೊಕ್ಕ."

ನನಗ ಸಿಟ್ಟು ಬರೂದು ತಡಾ ಇಲ್ಲ, ಇದು ನನ್ನ ಕಂಡವರಿಗೆಲ್ಲ ಗೊತ್ತದ. ಆದ್ರ ಆವತ್ತು ಬಂದ ಸಿಟ್ಟು ಬ್ಯಾರೇನೇ ಇತ್ತು, ಯಾಕಂದ್ರ ಅದರಾಗ ಅರ್ಧಾ ನನ್ನ ಮ್ಯಾಲೇ ಇತ್ತು. ಕುರಿ ಕಾಯವರ ಮಗಳು ಅಂತ ದೊಡ್ಡ ಅಕ್ಷರದಾಗ ಹಾಕಿ ಮಂದಿ ಕಣ್ಣು ಸೆಳದಾಕಿ ನಾ. ಆ ಮಾತಿನಾಗ ಕುರಿ ಕಾಯವರ ಬಗ್ಗಿ ಇದ್ದ ಹಗುರು ನಂದೂ ಆಗಿತ್ತಲ್ಲ? ಸರ್, ನೀವು ಮೊಬೈಲ್ ಇಟ್ಕೋರಿ, ನಾ ಖರೇ ಹಾಕ್ತೀನಿ ಅಂದೆ. ಹಾಕಿದ್ರ ಉದಗೀರ, ನಿಲಂಗಾ ಎಲ್ಲೂ ಒಂದು ಕ್ಲಾಸು ನಿಮಗ ಕೆಲಸ ಕೊಡಲಾರದಂಗ ನೋಡ್ಕೋತೀನಿ ಅಂದ್ರು. ನೋಡ್ಕೋರಿ ಅಂದೆ. ಫೋನ್ ಇಟ್ಟು ಕೀಬೋರ್ಡ್ ಹತ್ತಿರ ಎಳಕೊಂಡೆ.

ಮೊದಲ ಮರಾಠಿಯೊಳಗ ನಾಕು ಸಾಲು ಬರದೆ, ಭಾಳ ಮರ್ಯಾದಿಲೆ. ತಾಯಿ ಅದನ್ನ ಓದಿಸಿ ಕೇಳಿ ತಲಿ ಅಲ್ಲಾಡಿಸಿದಳು. ತನಗೂ ಓದ್ಲಕ್ಕ ಬರಂಗಿಲ್ಲ, ಭಾವಗೂ ಬರಂಗಿಲ್ಲ. ಅಂವಾ ಜಾಹೀರಾತಿನಾಗ ಹುಡುಗಿ ಮುಖ ನೋಡಿ ಗುರ್ತಾ ಹಿಡದಿದ್ದ, ಓದಿ ಹೇಳಿದವರು ಊರ ಮಂದಿ. ಅಂದ್ರ ಇದಕ್ಕೂ ಒಂದು ಮುಖಾನೇ ಬೇಕು, ಬಾಯಿಲೇ ಹೇಳಬೇಕು. ಹುಡುಗಿ ಮುಖ ಮತ್ತ ಹಾಕೂ ಮಾತೇ ಇಲ್ಲ ಅಂದಳು ತಾಯಿ. ಸರಿ, ಉಪ್ಪು ತಿಂದಾಕಿ ನಾ, ನೀರು ಕುಡಿಯಾಕಿನೂ ನಾನೇ. ಕ್ಯಾಮೆರಾ ಹಚ್ಚು ಅಂತ ಡಿಸೈನ್ ಹುಡುಗಿಗಿ ಹೇಳಿ ಕುರ್ಚಿ ಮ್ಯಾಲ ಕುಂತೆ. ಪೌಡರ್ ಇಲ್ಲ, ತಯಾರಿ ಇಲ್ಲ. ಮನ್ಯಾಗ ಮಾತಾಡೂ ಕನ್ನಡದಾಗ ಹೇಳ್ದೆ. ಈ ಜಾಹೀರಾತು ಮಾಡಿದಾಕಿ ನಾ, ಆ ಹುಡುಗಿ ಆ ಕ್ಲಾಸಿನ ಹೊಸ್ತಲಾ ದಾಟಿ ಒಂದು ದಿನಾನೂ ಕಲ್ತಿಲ್ಲ, ಹಾಸ್ಟೆಲಿನ ಮಾತು ನನ್ನ ತಲ್ಯಾಗಿಂದು, ಆಕಿ ಸರಕಾರಿ ಸಾಲ್ಯಾಗ ಕಲ್ತು ತನ್ನ ಬುದ್ಧಿಲೆ ಗೆದ್ದಾಳ. ನಡುವ ಎರಡು ಸಲ ತೊದಲಿದೆ. ಅದನ್ನ ಕತ್ತರಿಸಲೇನು ಅಂತ ಕೋಡ್ ಬರಿಯಾಂವ ಕೇಳ್ದ. ಇರ್ಲಿ ಬಿಡು ಅಂದೆ.

ಅದನ್ನ ಅವೇ ಮೂರು ತಾಲೂಕಿಗಿ, ಅಷ್ಟೇ ಜೋರಿಲೆ, ನನ್ನ ಸ್ವಂತ ಖರ್ಚಿಲೆ ಬಿಟ್ಟೆ. ಸಂಜಿ ಆಗೂದ್ರೊಳಗ ನನ್ನ ಮುಖ ಉಮರಗಾದ ಹಜಾಮತಿ ದುಕಾನದಿಂದ ಉದಗೀರದ ಬಸ್‌ ಸ್ಟ್ಯಾಂಡಿನತನ ಹೋಗಿತ್ತು. ಸರ್ ತಮ್ಮ ಮಾತು ಉಳಿಸಿಕೊಂಡ್ರು. ಅವರದಂತೂ ಹೋಯ್ತು, ಸಂಗಾಟ ಇನ್ನೂ ಮೂರು ಕ್ಲಾಸು ಹೋದವು. ಎದುರು ಕ್ಲಾಸಿನವರ ಕಡಿಂದ ರೊಕ್ಕ ತಿಂದಾಳ ಅಂತ ಒಬ್ಬರು ಬರದ್ರು, ಧಂದಾ ನಡೀಲಾರದ್ದಕ್ಕ ನಾಟಕ ಮಾಡ್ಲಕತ್ತಾಳ ಅಂತ ಮತ್ತೊಬ್ಬರು. ಒಬ್ಬಾಂವ ನನ್ನ ಸೀರಿ ಬಗ್ಗಿ ಬರದಿದ್ದ. ಬರೀರಪ್ಪ, ಕೈ ನೋಯೂತನ ಬರೀರಿ ಅಂತ ನಾ ಒಂದನ್ನೂ ಅಳಸಲಿಲ್ಲ. ಇಷ್ಟೆಲ್ಲ ಕಳಕೊಂಡ ಮ್ಯಾಲ ಕೆಲಸ ಆಯ್ತು ಅಂತ ನಿದ್ದಿ ಬಂತು.

ಕೆಲಸ ಆಗಿದ್ದಿಲ್ಲ. ಎರಡು ದಿನಕ್ಕ ಹುಡುಗಿ ತಾಯಿ ಫೋನ್ ಬಂತು. ಭಾವ ವಿಡಿಯೋ ನೋಡ್ಯಾನ, ಪೂರಾ ನೋಡ್ಯಾನ, ಎರಡು ಸಲ ನೋಡ್ಯಾನ. ನೋಡಿ ಅಂದಾನಂತ, ಈಕಿ ಮೊಬೈಲಿನಾಗ ಮೊದಲೂ ಒಂದು ಹೇಳಿದ್ದಳು, ಈಗ ಇನ್ನೊಂದು ಹೇಳ್ತಾಳ, ನಾ ಯಾವುದು ನಂಬಲಿ? ನನಗ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಮುದುಕ ಹೇಳಿದ್ದು ಬರೋಬ್ಬರಿ ಇತ್ತು. ಅಂವಾ ಮತ್ತೊಂದು ಮಾತು ಹೇಳಿ ಕಳಿಸಿದ್ದ. ಐತವಾರ ಗುಡಿಗಿ ಬರಲಿ, ಬೀರಪ್ಪನ ಭಂಡಾರ ಅಂಗೈಯಾಗ ಹಿಡದು ಹೇಳಲಿ, ಆಗ ನಂಬ್ತೀನಿ. ಅವರೊಳಗ ಭಂಡಾರ ಹಿಡದು ಸುಳ್ಳ ಹೇಳಿದವರು ಇಲ್ಲ.

ನಮ್ಮದು ಲಿಂಗ ಕಟ್ಟೂ ಮನಿತನ. ಬ್ಯಾರೆ ದೇವರ ಮುಂದ ಆಣಿ ಮಾಡ್ಲಕ್ಕ ಹೋಗ್ತೀನಿ ಅಂದ್ರ ಅತ್ತಿ ಏನಂತಾರೋ ಅಂತ ಅಂಜಿಕಿ ಇತ್ತು. ಅಡಗಿ ಮನ್ಯಾಗ ಅವರು ರೊಟ್ಟಿ ಬಡಿಯೂಮುಂದ ಹೋಗಿ ಹೇಳ್ದೆ. ಅವರು ರೊಟ್ಟಿ ಹಂಚಿಗಿ ಹಾಕಿ, ನೀರು ಸವರಿ, ಆಮ್ಯಾಲ ತಿರುಗಿ ನೋಡಿದ್ರು.

"ಸುಳ್ಳ ಬರಿಯೂಮುಂದ ಯಾ ದೇವರನ್ನ ಕೇಳಿದ್ದಿ? ಹೋಗಿ ಬಾ."

ಐತವಾರ ಮಧ್ಯಾಹ್ನ ಹೋದೆ. ಹೊಲದ ದಂಡಿಗಿ ಬೇವಿನ ಗಿಡ, ಗಿಡದ ಬುಡಕ ಸಣ್ಣ ಗುಡಿ, ಕಂಬಳಿ ಹಾಸಿ ಗಂಡಸರು ಕುಂತಿದ್ರು. ಡೊಳ್ಳು ಬಾರಿಸಿ ಬಾರಿಸಿ ಬೆವತು ನಿಂತವರು ನನ್ನ ನೋಡಿ ಬಾರಿಸೂದು ನಿಲ್ಲಿಸಿದ್ರು. ಹುಡುಗಿ ತಂದಿ ಕಂಬಳಿ ಹೊರಗ, ಬಿಸಲಿನಾಗ, ಕುಕ್ಕರಗಾಲಿಲೆ ಕುಂತಿದ್ದ. ಅಂವನ ಮಾರಿ ನಾ ಆವತ್ತೇ ಮೊದಲ ನೋಡಿದ್ದು. ಅಂವಾ ನನ್ನ ಕಡಿ ನೋಡಲಿಲ್ಲ. ದೊಡ್ಡಣ್ಣ ಎದ್ದು ಬಂದು, ಬಲಗೈ ಚಾಚು ತಂಗಿ ಅಂದು, ಒಂದು ಹಿಡಿ ಭಂಡಾರ ನನ್ನ ಅಂಗೈಯಾಗ ಸುರದ. ಸಾವಿರಾರು ಮಂದಿ ನೋಡೂ ವಿಡಿಯೋ ಮಾಡೂಮುಂದ ನಾ ಅಷ್ಟು ಅಂಜಿದ್ದಿಲ್ಲ. ಇಲ್ಲಿ ಇದ್ದದ್ದು ಬರೇ ನಲವತ್ತು ಮಂದಿ.

ಹುಡುಗಿ ಆ ಕ್ಲಾಸಿನಾಗ ಕಲ್ತಾಳೇನು ಅಂತ ಕೇಳ್ದ. ಇಲ್ಲ ಕಾಕಾ ಅಂದೆ. ಹಾಸ್ಟೆಲಿನಾಗ ಇದ್ದಳೇನು? ಇಲ್ಲ. ಮತ್ತ ಯಾರು ಬರದ್ರು ಅಂದ. ಇಲ್ಲಿ ಒಂದು ಗಳಿಗಿ ಸರ್ ಹೆಸರು ನಾಲಿಗಿ ತುದಿಗಿ ಬಂತು, ಸುಳ್ಳ ಹೇಳ್ಲಕತ್ತೀನಿ ಅಂತೇನಲ್ಲ, ಅವರದೂ ಪಾಲು ಇತ್ತಲ್ಲ. ಆದ್ರ ಕೈಯಾಗಿನ ಭಂಡಾರ ಬೆವರಿಗಿ ಅಂಟಿ ಕುಂತಿತ್ತು. ನಾ ಬರದೆ ಅಂದೆ. ಯಾಕ ಅಂದ. ಮಂದಿ ನೋಡಲಿ ಅಂತ ಅಂದೆ. ಯಾರೋ ಹಿಂದ ಥೂ ಅಂದ್ರು. ಅನ್ನಲಿ, ನನಗ ಬರಬೇಕಾದ್ದೇ ಅದು. ದೊಡ್ಡಣ್ಣ ಮುಗಿಸಲಿಲ್ಲ, ಇನ್ನ ಮುಂದ ಇಂಥಾ ಸುಳ್ಳ ಮಾಡ್ತಿಯೇನು ಅಂತ ಕೇಳ್ದ.

ಈ ಸವಾಲಿಗಿ ನಾ ತಯಾರ ಇದ್ದಿಲ್ಲ. ನನ್ನ ಧಂದಾ ಎಂಥಾದ್ದು? ತಾಲೂಕಿಗೇ ನಂಬರ್ ಒನ್ ಅಂತ ಐದು ದುಕಾನಕ್ಕ ಬರದುಕೊಟ್ಟಾಕಿ ನಾ. ಇವತ್ತೇ ಕೊನಿ ದಿನ ಅಂತ ದಿನಾ ಹಾಕಾಕಿ. ಹೂಂ ಅಂದ್ರ ನಾಳಿಗಿ ಬಾಗಲಾ ಹಾಕಬೇಕು, ಉಹೂಂ ಅಂದ್ರ ಇಲ್ಲಿಗಿ ಬಂದದ್ದೇ ವ್ಯರ್ಥ. ಹಿಂಗಾಗಿ ಬೀರಪ್ಪನ ಮುಂದ ನಿಂತು ಚೌಕಾಶಿಗಿ ಇಳದೆ.

"ಕಾಕಾ, ನಂಬರ್ ಒನ್ ಅಂತ ಬರೀತೀನಿ, ಅದು ಎಲ್ಲಾರೂ ಬರೀತಾರ, ಯಾರೂ ನಂಬಂಗಿಲ್ಲ. ಆದ್ರ ಒಬ್ಬರ ಮುಖ ಅವರನ್ನ ಕೇಳಲಾರದ ಹಾಕಂಗಿಲ್ಲ, ಅವರು ಮಾಡಲಾರದ್ದು ಮಾಡ್ಯಾರ ಅಂತ ಬರಿಯಂಗಿಲ್ಲ. ಇಷ್ಟು ನನ್ನ ಕೈಲೆ ಆಗ್ತದ. ಇದಕ್ಕಿಂತ ಹೆಚ್ಚು ಹೇಳಿದ್ರ ಅದೇ ಸುಳ್ಳ ಆಗ್ತದ."

 ದೊಡ್ಡಣ್ಣ ನನ್ನ ಅಂಗೈಯಾಗಿಂದ ಒಂದು ಚಿಟಿಕಿ ಭಂಡಾರ ತಗೊಂಡು ನನ್ನ ಹಣಿಗಿ ಹಚ್ಚಿ, ತಮ್ಮನ ಕಡಿ ತಿರುಗಿ, ಬಿಸಲಿನಾಗ ಯಾಕ ಕುಂತಿ, ಮ್ಯಾಲ ಬಾ ಅಂದ. ಮಾಫ್ ಮಾಡು ಅನ್ನಲಿಲ್ಲ. ಅಣ್ಣ-ತಮ್ಮಂದಿರು ಹಂಗೆಲ್ಲ ಅನ್ನಂಗಿಲ್ಲ. ತಮ್ಮ ಎದ್ದು ಬಂದು ಕಂಬಳಿ ಮ್ಯಾಲ ಕುಂತ, ತಾಟು ಬಂತು, ದೊಡ್ಡಣ್ಣ ತಾನೇ ಬಗ್ಗಿ ಹುಗ್ಗಿ ನೀಡ್ದ. ಆ ತಾಯಿ ಸೆರಗಿನಾಗ ಮಾರಿ ಮುಚ್ಚಿಕೊಂಡು ಅತ್ತಳು. ನನಗೂ ಹೆಣಮಕ್ಕಳ ಸಾಲಿನಾಗ ತಾಟು ಹಾಕಿದ್ರು. ನಾ ಎರಡು ಸಲ ನೀಡಿಸಿಕೊಂಡು ಉಂಡೆ, ನಾಚಿಕಿ ಬಿಟ್ಟು.

ಉಂಡು ಕೈ ತೊಳಿಯೂಮುಂದ ನೀರು ಹಾಕ್ಲಕ್ಕ ಆ ಹುಡುಗಿ ಬಂದಳು. ಇಷ್ಟೆಲ್ಲ ಆಗೂತನ ಆಕಿ ನನ್ನ ಸಂಗಾಟ ಒಂದು ಮಾತೂ ಆಡಿದ್ದಿಲ್ಲ. ನಾ ಮನಸು ಹಗರ ಮಾಡ್ಕೊಂಡು, ತಂಗೀ, ಎಲ್ಲಾ ಛಲೋ ಆಯ್ತು, ಇನ್ನ ಆ ನನ್ನ ವಿಡಿಯೋನೂ ಇವತ್ತು ತಗದು ಬಿಡ್ತೀನಿ, ಅದನ್ನ ನೋಡಿ ಬಂದ ಗಿರಾಕಿನೂ ಓಡಿ ಹೋಗ್ಲಕತ್ತಾರ ಅಂದೆ. ಆಕಿ ತಂಬಿಗಿ ಹಂಗೇ ಹಿಡದು ನಿಂತಳು. ಫೋಟೋದಾಗ ನೋಡಿದಂಗೇ ನೆಟ್ಟಗ ನೋಡಿದಳು.

"ನನ್ನ ಮುಖ ಹಾಕೂಮುಂದ ಯಾರೂ ನನ್ನ ಕೇಳಲಿಲ್ಲ. ತಗದು ನಮ್ಮವ್ವಗ ತೋರ್ಸಿದ್ರಿ. ಇಲ್ಲಿ ನಮ್ಮ ದೊಡ್ಡಪ್ಪಗ ಮಾತು ಕೊಟ್ರಿ. ಇದನ್ನ ತೆಗಿಯೂಮುಂದರೆ ನನ್ನ ಕೇಳ್ರಿ."

ಒದ್ದಿ ಕೈ ಹಂಗೇ ಚಾಚಿಕೊಂಡು ನಿಂತೆ. ತಗೀಲೇನು ಅಂತ ಕೇಳ್ದೆ.

ಬ್ಯಾಡ ಅಂದಳು.

ಅದು ಇನ್ನೂ ಅದ. ನಮ್ಮ ಪೇಜ್ ತೆರದ ಹೊಸಾ ಗಿರಾಕಿಗಿ ಮೊದಲ ಕಾಣೂದೇ ನಾ ತೊದಲೂದು.